ಬಾಲವಿಲ್ಲದ ಮೌಸ್ ಕೊಳ್ಳುವ ಮುನ್ನ

ವೈರ್‌ಲೆಸ್ ಮೌಸ್ ಕೊಳ್ಳಲು ಹೊರಟಿದ್ದೀರಾ? ಬಣ್ಣ ಆಮೇಲೆ, ಮೊದಲು ಅಂಗೈಯಲ್ಲಿ ಹಿಡಿದು ನೋಡಿ. ಚಪ್ಪಲಿಯಂತೆ ಇದಕ್ಕೂ ಅಳತೆ ಉಂಟು. ಲ್ಯಾಪ್‌ಟಾಪಿನಲ್ಲಿ ಒಂದೋ ಎರಡೋ ಯುಎಸ್‌ಬಿ ಪೋರ್ಟ್ ಇದ್ದರೆ ಬ್ಲೂಟೂತ್ ಮೌಸೇ ವಾಸಿ. ಪೋರ್ಟಿಗೆ ಸಿಕ್ಕಿಸುವ ಪುಟ್ಟ ರಿಸೀವರ್, ಅಂದರೆ ಡಾಂಗಲ್ ಇರುವಂಥದ್ದು ಚುಚ್ಚಿದ ಕೂಡಲೇ ಓಡುತ್ತದೆ ನಿಜ, ಆದರೆ ಉಗುರಿನಷ್ಟಿರುವ ಆ ತುಣುಕು ಕಳೆದರೆ ಮೌಸ್ ಇದ್ದೂ ಇಲ್ಲದಂತೆ. (ನಾನು ಒಂದನ್ನು ಪ್ಯಾಂಟಿನ ಜೇಬಿನೊಂದಿಗೇ ಒಗೆದಿದ್ದೇನೆ.) ಬಹಳಷ್ಟು ಮೌಸ್‌ಗಳ ಹೊಟ್ಟೆಯೊಳಗೆ ಅದಕ್ಕೊಂದು ಗೂಡಿರುತ್ತದೆ, ಅಲ್ಲಿಡಿ.

ಕರ್ಸರ್ ತಡವರಿಸಿದರೆ ಬ್ಯಾಟರಿಯನ್ನೇ ಬೈಯಬೇಡಿ. ಡಾಂಗಲ್ ಮಾತಾಡುವುದು 2.4 ಗಿಗಾಹರ್ಟ್ಸ್ ತರಂಗದಲ್ಲಿ. ಪಕ್ಕದಲ್ಲೇ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಸಿಕ್ಕಿಸಿದ್ದರೆ ಅದರ ಗದ್ದಲವೂ ಅಲ್ಲಿಗೇ ಬಂದು ಸೇರುತ್ತದೆ. ಡಾಂಗಲನ್ನು ಇನ್ನೊಂದು ಬದಿಯ ಪೋರ್ಟಿಗೆ ಹಾಕಿ ನೋಡಿ. ಗಾಜಿನ ಮೇಜಿನ ಮೇಲೆ ಮೌಸ್ ಮೊಂಡು ಹಿಡಿದರೆ ಕೆಳಗೊಂದು ಹಳೇ ನೋಟ್‌ಬುಕ್ ಸಾಕು. ಬ್ಯಾಗಿಗೆ ಹಾಕುವಾಗ ಅಡಿಯ ಸ್ವಿಚ್ ಆರಿಸಿ.