ಕಡಲತೀರದ ಮನೆಗೆ ಲೋಹದ ಮಾಡು: ಕೊಳ್ಳುವ ಮುನ್ನ ಅರಿಯಬೇಕಾದ ಅಂಶಗಳು

ಮುಂಬಯಿ, ಪುಣೆ, ಚೆನ್ನೈ ಮೊದಲಾದ ನಗರಗಳಲ್ಲಿ ನೆಲೆಸಿರುವ ಕರಾವಳಿ ಕನ್ನಡಿಗರಲ್ಲಿ ಅನೇಕರಿಗೆ ಊರಿನಲ್ಲೊಂದು ಮನೆ ಇರುತ್ತದೆ. ವಯಸ್ಸಾದ ತಂದೆತಾಯಿಗಳು ಅಥವಾ ಹತ್ತಿರದ ಬಂಧುಗಳು ಅಲ್ಲಿ ವಾಸವಾಗಿರುತ್ತಾರೆ. ದುರಸ್ತಿಯ ವೆಚ್ಚವನ್ನು ನಗರದಲ್ಲಿ ದುಡಿಯುವವರು ಭರಿಸುತ್ತಾರೆ. ಹೀಗೆ ದೂರದಲ್ಲಿದ್ದು ತೆಗೆದುಕೊಳ್ಳಬೇಕಾದ ನಿರ್ಧಾರಗಳಲ್ಲಿ ಮಾಡಿನ ವಿಷಯವೂ ಒಂದು. ಹಂಚು ಒಡೆದು ಸೋರುತ್ತಿದೆ, ಪಕ್ಕಾಸಿಗೆ ಗೆದ್ದಲು ಹಿಡಿದಿದೆ, ಹಂಚು ಹೊದೆಸುವ ಆಳು ಸಿಗುತ್ತಿಲ್ಲ ಎಂಬ ಸುದ್ದಿ ದೂರವಾಣಿಯಲ್ಲಿ ಬರುತ್ತದೆ. ಶೀಟು ಹಾಕಿಸುವುದೇ ಒಳ್ಳೆಯದೆಂಬ ಸಲಹೆಯೂ ಅದರ ಹಿಂದೆಯೇ ಬರುತ್ತದೆ. ಗುತ್ತಿಗೆದಾರರು ಚದರಡಿಯ ದರವನ್ನೂ ಬಣ್ಣದ ಮಾದರಿಗಳನ್ನೂ ಕಳುಹಿಸುತ್ತಾರೆ. ಬಣ್ಣದ ಬಗೆಗೆ ಮನೆಮಂದಿಯೆಲ್ಲ ಚರ್ಚಿಸುತ್ತಾರೆ; ತಗಡಿನ ಮೇಲೆ ಎಷ್ಟು ಲೇಪನವಿದೆ, ಅದನ್ನು ಯಾವ ಸ್ಕ್ರೂಗಳಿಂದ ಬಿಗಿಯುತ್ತಾರೆ ಎಂದು ಕೇಳುವವರು ವಿರಳ. ಕಡಲತೀರದಲ್ಲಿ ಮಾಡಿನ ಆಯುಷ್ಯವನ್ನು ನಿರ್ಧರಿಸುವುದು ಈ ಎರಡು ಪ್ರಶ್ನೆಗಳೇ.

ಮೊದಲಿಗೆ ಒಂದು ಮಾತನ್ನು ಹೇಳಬೇಕು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಹಂಚು ಸುಟ್ಟ ಮಣ್ಣಿನದಾದುದರಿಂದ ಅದಕ್ಕೆ ತುಕ್ಕಿನ ಭಯವಿಲ್ಲ. ಪಕ್ಕಾಸು, ರೀಪುಗಳು ಗಟ್ಟಿಯಾಗಿದ್ದು ಒಡೆದ ಹಂಚುಗಳನ್ನಷ್ಟೇ ಬದಲಾಯಿಸಿದರೆ ಸಾಕಾಗುವ ಮನೆಗಳಲ್ಲಿ ಲೋಹದ ಮಾಡಿನ ಆಲೋಚನೆಯನ್ನು ಕೈಬಿಡುವುದೇ ಲೇಸು. ಮರಮಟ್ಟು ಪೂರ್ತಿಯಾಗಿ ಹಾಳಾಗಿರುವ ಮನೆಗಳಿಗೆ, ಸೋರುವ ತಾರಸಿಯ ಮೇಲೊಂದು ಹೊದಿಕೆ ಬೇಕಾದವರಿಗೆ ಮತ್ತು ಹೊಸದಾಗಿ ಕಟ್ಟಿಸುವವರಿಗೆ ಮುಂದಿನ ವಿವರಗಳು ಉಪಯೋಗವಾಗಬಹುದು.

ಉಪ್ಪು ಎಲ್ಲಿ ಕೂರುತ್ತದೆ?

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಸಾಕು. ಆದರೆ ಕಡಲತೀರದಲ್ಲಿ ಇವುಗಳ ಜೊತೆಗೆ ಉಪ್ಪೂ ಸೇರುತ್ತದೆ. ಅಲೆಗಳು ಒಡೆಯುವಾಗ ಏಳುವ ಸೂಕ್ಷ್ಮ ತುಂತುರು ಗಾಳಿಯಲ್ಲಿ ತೇಲಿ ಬಂದು ತಗಡಿನ ಮೇಲೆ ಕೂರುತ್ತದೆ. ಉಪ್ಪಿಗೆ ಗಾಳಿಯಲ್ಲಿನ ತೇವವನ್ನು ಹೀರುವ ಗುಣವಿರುವುದರಿಂದ ಮಳೆಯಿಲ್ಲದ ದಿನಗಳಲ್ಲಿಯೂ ಲೋಹದ ಮೇಲೆ ತೆಳುವಾದ ಉಪ್ಪುನೀರಿನ ಪದರ ಉಳಿಯುತ್ತದೆ. ರಾತ್ರಿಯ ಇಬ್ಬನಿ ಅದಕ್ಕೆ ಇನ್ನಷ್ಟು ನೆರವಾಗುತ್ತದೆ.

ಈ ಉಪ್ಪಿನ ಪ್ರಮಾಣ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ. ಅಲೆ ಅಪ್ಪಳಿಸುವ ತೆರೆದ ಕಡಲತೀರದ ಮೊದಲ ಕೆಲವು ನೂರು ಮೀಟರುಗಳಲ್ಲಿ ಅದು ಅತ್ಯಧಿಕ. ಒಳನಾಡಿಗೆ ಹೋದಂತೆ ಬೇಗನೆ ಇಳಿಯುತ್ತದೆ. ಅಲೆಗಳಿಲ್ಲದ ಅಳಿವೆ ಅಥವಾ ಹಿನ್ನೀರಿನ ದಡದ ಮನೆಗೆ ಅಷ್ಟೇ ದೂರದಲ್ಲಿ ತೆರೆದ ಕಡಲಿಗೆ ಮುಖಮಾಡಿದ ಮನೆಗಿಂತ ಬಾಧೆ ಕಡಿಮೆ. ನಡುವೆ ತೆಂಗಿನ ತೋಟವೋ ಗುಡ್ಡವೋ ಇದ್ದರೆ ಅದೂ ಸ್ವಲ್ಪಮಟ್ಟಿಗೆ ತಡೆಯಾಗುತ್ತದೆ. ಆದುದರಿಂದ ನೆರೆಯೂರಿನ ಬಂಧುಗಳ ಮನೆಯಲ್ಲಿ ಬಾಳಿದ ತಗಡು ನಮ್ಮ ಮನೆಯಲ್ಲಿಯೂ ಅಷ್ಟೇ ಕಾಲ ಬಾಳೀತೆಂದು ನಂಬಲಾಗದು.

ಒಂದೇ ಮಾಡಿನಲ್ಲಿಯೂ ಎಲ್ಲ ಭಾಗಗಳಿಗೆ ಒಂದೇ ಗತಿಯಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಮಾಡಿನ ಮೇಲ್ಮೈಯ ಉಪ್ಪನ್ನು ತೊಳೆದುಬಿಡುತ್ತದೆ. ಅದು ತಲುಪದ ಜಾಗಗಳಲ್ಲಿ, ಎಂದರೆ ಸೂರಿನ ಕೆಳಭಾಗ, ಜಗಲಿಯ ಮೇಲಿನ ತಗಡಿನ ಒಳಮೈ, ಒಂದು ತಗಡು ಇನ್ನೊಂದರ ಮೇಲೆ ಕೂರುವ ಸಂದು, ಎಲೆ ಕಸ ತುಂಬಿದ ದಂಬೆ ಇಲ್ಲೆಲ್ಲ, ಉಪ್ಪು ವರ್ಷದಿಂದ ವರ್ಷಕ್ಕೆ ಸೇರುತ್ತ ಹೋಗುತ್ತದೆ. ಮೇಲಿನಿಂದ ಹೊಸದರಂತೆ ಹೊಳೆಯುವ ಮಾಡು ಸೂರಿನಂಚಿನ ಒಳಭಾಗದಲ್ಲಿ ತೂತುಬಿದ್ದಿರುವುದಕ್ಕೆ ಕಾರಣ ಇದೇ. ಬಣ್ಣದ ತಗಡಿನ ಹೊರಮೈಗೆ ಸಾಮಾನ್ಯವಾಗಿ 25 ಮೈಕ್ರಾನ್‌ನಷ್ಟು ಬಣ್ಣವಿದ್ದರೆ ಒಳಮೈಗೆ ಅದರ ಕಾಲುಭಾಗದಷ್ಟಿರುವುದೂ ಉಂಟು. ಕಡಲ ಬದಿಯಲ್ಲಿ ಕೊಳ್ಳುವವರು ಒಳಮೈಯ ಬಣ್ಣದ ದಪ್ಪವನ್ನೂ ಕೇಳಬೇಕು.

ಗ್ರಾಂ ಮತ್ತು ಮಿಲಿಮೀಟರಿನ ಲೆಕ್ಕ

ಮಾರುಕಟ್ಟೆಯಲ್ಲಿ ದೊರೆಯುವ ಉಕ್ಕಿನ ತಗಡುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸತುವಿನ ಲೇಪನವುಳ್ಳದ್ದು ಒಂದು. ಇದಕ್ಕೆ ಭಾರತೀಯ ಮಾನಕ ಐ.ಎಸ್. 277. ಅಲ್ಯುಮಿನಿಯಂ ಮತ್ತು ಸತುವಿನ ಮಿಶ್ರಲೋಹದ ಲೇಪನವುಳ್ಳದ್ದು ಇನ್ನೊಂದು, ಇದಕ್ಕೆ ಐ.ಎಸ್. 15961. ಎರಡನೆಯ ಬಗೆಯ ಲೇಪನದಲ್ಲಿ ತೂಕದ ಪ್ರಕಾರ ಶೇಕಡಾ 55 ಭಾಗ ಅಲ್ಯುಮಿನಿಯಂ, ಶೇಕಡಾ 43ಕ್ಕೂ ಮಿಗಿಲಾಗಿ ಸತು, ಉಳಿದದ್ದು ಸಿಲಿಕಾನ್. ಅಮೆರಿಕದಲ್ಲಿ 1972ರಿಂದ ವಾಣಿಜ್ಯ ಬಳಕೆಗೆ ಬಂದ ಈ ಲೇಪನವೇ ಇಂದಿನ ಬಣ್ಣದ ತಗಡುಗಳಲ್ಲಿ ಹಲವಕ್ಕೆ ಆಧಾರ.

ಸತುವಿನ ತಗಡಿನ ಮೇಲೆ 120, 180, 275 ಮುಂತಾದ ಸಂಖ್ಯೆಗಳಿರುತ್ತವೆ. ಒಂದು ಚದರ ಮೀಟರ್ ತಗಡಿನ ಎರಡೂ ಮೈಗಳ ಮೇಲೆ ಒಟ್ಟಾಗಿ ಅಷ್ಟು ಗ್ರಾಂ ಸತುವಿದೆ ಎಂಬುದು ಇದರರ್ಥ. 275 ಗ್ರಾಂ ಎಂದರೆ ಒಂದೊಂದು ಮೈಗೆ ಸುಮಾರು 19 ಮೈಕ್ರಾನ್ ದಪ್ಪ. 120 ಗ್ರಾಂ ಎಂದರೆ ಸುಮಾರು 8 ಮೈಕ್ರಾನ್ ಮಾತ್ರ. ವಾತಾವರಣದ ತೀಕ್ಷ್ಣತೆಯನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಮಾನಕ ಐ.ಎಸ್.ಒ. 9223ರಂತೆ, ಮಧ್ಯಮ ವರ್ಗದ ವಾತಾವರಣದಲ್ಲಿ ಸತುವು ಮೊದಲ ವರ್ಷದಲ್ಲಿ 0.7ರಿಂದ 2.1 ಮೈಕ್ರಾನ್‌ನಷ್ಟು ಸವೆಯುತ್ತದೆ. ಅತಿ ತೀಕ್ಷ್ಣ ವರ್ಗದಲ್ಲಿ 4.2ರಿಂದ 8.4 ಮೈಕ್ರಾನ್. ಅದಕ್ಕೂ ಮೇಲಿನ ವರ್ಗವೊಂದಿದ್ದು ಅಲ್ಲಿ ಸವೆತ 25 ಮೈಕ್ರಾನ್‌ವರೆಗೂ ಹೋಗಬಹುದು. ಇದೇ ವೇಗದಲ್ಲಿ ಸವೆತ ಮುಂದುವರಿಯುವುದೆಂದು ಭಾವಿಸಿದರೆ, ಮಧ್ಯಮ ವರ್ಗದಲ್ಲಿ ಹತ್ತಿಪ್ಪತ್ತು ವರ್ಷ ಬಾಳುವ 275 ಗ್ರಾಂ ಲೇಪನ ಅತಿ ತೀಕ್ಷ್ಣ ವರ್ಗದಲ್ಲಿ ಎರಡರಿಂದ ನಾಲ್ಕೂವರೆ ವರ್ಷಗಳಲ್ಲಿ ಮುಗಿದುಹೋಗುತ್ತದೆ. 120 ಗ್ರಾಂ ಲೇಪನಕ್ಕೆ ಎರಡು ಮಳೆಗಾಲ ಕಳೆಯುವುದೂ ಕಷ್ಟವಾಗಬಹುದು. ಬಣ್ಣವಿಲ್ಲದ ಬರಿಯ ಸತುವಿನ ತಗಡು ಅಲೆಯ ಸದ್ದು ಕೇಳುವಷ್ಟು ಸಮೀಪದ ಮನೆಗೆ ತಕ್ಕದ್ದಲ್ಲವೆಂದು ಈ ಲೆಕ್ಕವೇ ಹೇಳುತ್ತದೆ.

ಮಿಶ್ರಲೋಹದ ಲೇಪನವನ್ನು ಎ.ಝಡ್. 150 ಎಂಬಂತೆ ಗುರುತಿಸುತ್ತಾರೆ. ಇಲ್ಲಿ ಗ್ರಾಂ ಕಡಿಮೆಯಿದ್ದರೂ ಅಲ್ಯುಮಿನಿಯಂ ಹಗುರವಾದುದರಿಂದ ದಪ್ಪ ಒಂದೊಂದು ಮೈಗೆ ಸುಮಾರು 20 ಮೈಕ್ರಾನ್ ಬರುತ್ತದೆ. ಅಷ್ಟೇ ದಪ್ಪದ ಸತುವಿನ ಲೇಪನಕ್ಕಿಂತ ಇದು ಸಾಮಾನ್ಯವಾಗಿ ಎರಡು ಪಟ್ಟಿಗೂ ಹೆಚ್ಚು ಕಾಲ ತಡೆಯುತ್ತದೆ. ಆದರೆ ಇದಕ್ಕೂ ದೌರ್ಬಲ್ಯಗಳಿವೆ. ಹಸಿ ಸಿಮೆಂಟಿನ ಕ್ಷಾರವನ್ನು ಇದು ತಾಳದು. ಮುರಕಲ್ಲಿನ ಗೋಡೆಗೆ ತಾಗುವ ಕಡೆ ಗಾರೆಯನ್ನು ತಗಡಿನ ಮೇಲೆಯೇ ಮೆತ್ತುವುದು ಊರಿನ ಗಾರೆಯವರ ವಾಡಿಕೆ, ಅದನ್ನು ತಡೆಯಬೇಕು. ದನದ ಹಟ್ಟಿಯ ಮೇಲೂ ಇದು ಸಲ್ಲದು, ಸಗಣಿ ಮೂತ್ರಗಳ ಅಮೋನಿಯ ಆವಿ ಲೇಪನವನ್ನು ತಿನ್ನುತ್ತದೆ.

ದಪ್ಪದ ವಿಷಯದಲ್ಲಿಯೂ ಎಚ್ಚರ ಬೇಕು. ಅಂಗಡಿಯವರು ಹೇಳುವ 0.50 ಮಿಲಿಮೀಟರ್ ಬಹುಮಟ್ಟಿಗೆ ಲೇಪನ ಮತ್ತು ಬಣ್ಣ ಸೇರಿದ ಒಟ್ಟು ದಪ್ಪ. ಅವೆರಡನ್ನು ಕಳೆದರೆ ಒಳಗಿನ ಉಕ್ಕು ಸುಮಾರು 0.43 ಮಿಲಿಮೀಟರ್ ಉಳಿಯುತ್ತದೆ. ಮೇಲೆ ನಡೆಯುವವರ ಭಾರವನ್ನು ಹೊರುವುದು ಉಕ್ಕು. ಆದುದರಿಂದ ಎರಡು ಅಂಗಡಿಗಳ ದರವನ್ನು ಹೋಲಿಸುವಾಗ ಎರಡೂ ಕಡೆ ಉಕ್ಕಿನ ದಪ್ಪವನ್ನೇ ಕೇಳತಕ್ಕದ್ದು.

ಪೂರ್ಣ ಅಲ್ಯುಮಿನಿಯಂ ತಗಡಿಗೆ ಬೆಲೆ ಹೆಚ್ಚು, ಕಡಲತೀರದಲ್ಲಿ ಬಾಳಿಕೆಯೂ ಹೆಚ್ಚು. ಅದರ ಮೇಲೆ ತಾನಾಗಿಯೇ ಕಟ್ಟಿಕೊಳ್ಳುವ ಆಕ್ಸೈಡ್ ಪೊರೆ ಅದನ್ನು ಕಾಯುತ್ತದೆ. ಉಪ್ಪಿನಿಂದ ಸಣ್ಣ ಕುಳಿಗಳು ಬಿದ್ದರೂ ಕೆಂಪು ತುಕ್ಕಿನಂತೆ ಹರಡುವುದಿಲ್ಲ. ಬಿಸಿಲಿಗೆ ಅದು ಉಕ್ಕಿನ ಎರಡರಷ್ಟು ಹಿಗ್ಗುತ್ತದೆಂಬುದನ್ನು ಮಾತ್ರ ಮರೆಯಬಾರದು. 6 ಮೀಟರ್ ಉದ್ದದ ತಗಡು 40 ಡಿಗ್ರಿ ಉಷ್ಣತೆಯ ವ್ಯತ್ಯಾಸಕ್ಕೆ ಸುಮಾರು 6 ಮಿಲಿಮೀಟರ್ ಹಿಗ್ಗುವುದರಿಂದ ಸ್ಕ್ರೂವಿನ ತೂತು ತುಸು ಸಡಿಲವಾಗಿರಬೇಕು. ತೀರಕ್ಕೆ ತೀರ ಹತ್ತಿರದಲ್ಲಿ ಮನೆಯಿದ್ದು ಮತ್ತೆ ಮತ್ತೆ ದುರಸ್ತಿ ಮಾಡಿಸಲು ಜನವಿಲ್ಲದವರಿಗೆ ಇದೇ ಉತ್ತಮವೆನ್ನಬಹುದು. ಯಾವ ತಗಡೇ ಆಗಲಿ, ತಾಮ್ರವನ್ನು ಅದರಿಂದ ದೂರವಿಡಬೇಕು. ಸಿಡಿಲು ತಡೆಯುವ ತಾಮ್ರದ ಪಟ್ಟಿಯಿಂದ ಇಳಿಯುವ ನೀರು ಬಿದ್ದಲ್ಲಿ ಸತುವಾಗಲಿ ಅಲ್ಯುಮಿನಿಯಂ ಆಗಲಿ ಬೇಗನೆ ಸವೆಯುತ್ತದೆ.

ಸ್ಕ್ರೂ, ಚೌಕಟ್ಟು, ಗಾಳಿ

ಉತ್ತಮ ತಗಡನ್ನು ಆರಿಸಿ ಅಗ್ಗದ ಸ್ಕ್ರೂಗಳಿಂದ ಬಿಗಿದರೆ ಮಾಡಿನ ಆಯುಷ್ಯ ಸ್ಕ್ರೂವಿನ ಆಯುಷ್ಯವಾಗಿಬಿಡುತ್ತದೆ. ಸಾಮಾನ್ಯ ಸ್ಕ್ರೂಗಳ ಮೇಲೆ ಸತು ಕೆಲವೇ ಮೈಕ್ರಾನ್‌ಗಳಷ್ಟಿರುತ್ತದೆ. ಅದರ ತಲೆಗೆ ತುಕ್ಕು ಹಿಡಿದಾಗ ಕೆಂಪುನೀರು ಇಳಿದು ಸುತ್ತಲಿನ ಬಣ್ಣ ಕೆಡುತ್ತದೆ, ವಾಷರ್ ಸಡಿಲವಾಗಿ ನೀರು ಜಿನುಗುತ್ತದೆ, ಕೊನೆಗೆ ಗಾಳಿಗೆ ತಲೆಯೇ ಕಳಚುತ್ತದೆ. ಕಡಲತೀರಕ್ಕೆಂದೇ ತಯಾರಿಸಿದ, ದಪ್ಪ ಲೇಪನದ ನಾಲ್ಕನೆಯ ದರ್ಜೆಯ ಸ್ಕ್ರೂಗಳು ದೊರೆಯುತ್ತವೆ. ಅಲ್ಯುಮಿನಿಯಂ ತಗಡಿಗೆ 316 ದರ್ಜೆಯ ತುಕ್ಕುರಹಿತ ಉಕ್ಕಿನ ಸ್ಕ್ರೂ ಅಥವಾ ಅಲ್ಯುಮಿನಿಯಂ ರಿವೆಟ್ ಸೂಕ್ತ. ಅಗ್ಗದ 304 ದರ್ಜೆಯ ಮೇಲೆ ಕಡಲ ಬದಿಯಲ್ಲಿ ಕಂದು ಕಲೆಗಳು ಮೂಡುತ್ತವೆ. ಮಾಡಿನ ಒಟ್ಟು ವೆಚ್ಚದಲ್ಲಿ ಸ್ಕ್ರೂಗಳ ಪಾಲು ಅಲ್ಪ. ಗುತ್ತಿಗೆದಾರರು ಉಳಿತಾಯ ಹುಡುಕುವುದು ಮಾತ್ರ ಬಹಳ ಸಲ ಅಲ್ಲಿಯೇ.

ತಾರಸಿಯ ಮೇಲೆ ಶೀಟು ಹಾಕಿಸುವವರು ಕೆಳಗಿನ ಚೌಕಟ್ಟನ್ನೂ ನೋಡಬೇಕು. ಸತುವಿನ ಲೇಪನವಿದ್ದ ಪೈಪನ್ನು ಬೆಸುಗೆ ಹಾಕಿದ ಕಡೆ ಲೇಪನ ಸುಟ್ಟುಹೋಗಿರುತ್ತದೆ. ಅಲ್ಲಿ ಬೆಸುಗೆಯ ಕಿಟ್ಟವನ್ನು ಕೆರೆದು ಸತುವಿನ ಅಂಶ ಹೆಚ್ಚಿರುವ ಬಣ್ಣವನ್ನು ಬಳಿಯಬೇಕು. ಪೈಪಿನ ತೆರೆದ ಬಾಯಿಗಳನ್ನು ಮುಚ್ಚದಿದ್ದರೆ ಉಪ್ಪುಗಾಳಿ ಒಳಹೊಕ್ಕು ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಬಣ್ಣ ಚೆನ್ನಾಗಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ಇದು ಕೇವಲ ಸೋರುವ ಪ್ರಶ್ನೆಯಲ್ಲ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ತೀರವನ್ನು ದಾಟಿದಾಗ ಅಸಂಖ್ಯ ಮನೆಗಳ ತಗಡು, ಹಂಚುಗಳು ಹಾರಿಹೋದವು. ಮರುವರ್ಷದ ಮೇ ತಿಂಗಳಲ್ಲಿ ತೌಕ್ತೆ ಕರ್ನಾಟಕದ ಕರಾವಳಿಯ ಪಕ್ಕದಲ್ಲೇ ಸಾಗಿತು. ಗಾಳಿಯ ಹೊರೆಗೆ ಸಂಬಂಧಿಸಿದ ಐ.ಎಸ್. 875ರ ಮೂರನೆಯ ಭಾಗದಲ್ಲಿ ಮೂಲವೇಗವನ್ನು ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್, ಮುಂಬಯಿಗೆ 44, ಚೆನ್ನೈಗೆ 50 ಎಂದು ಕೊಡಲಾಗಿದೆ. ಇತರ ಗುಣಾಂಕಗಳನ್ನು ಬದಿಗಿಟ್ಟು ಸರಳವಾಗಿ ಲೆಕ್ಕ ಹಾಕಿದರೆ ಪ್ರತಿ ಚದರ ಮೀಟರಿಗೆ ಮಂಗಳೂರಿನಲ್ಲಿ ಸುಮಾರು 93 ಕಿಲೋಗ್ರಾಂ, ಚೆನ್ನೈಯಲ್ಲಿ 150 ಕಿಲೋಗ್ರಾಂ ತೂಕಕ್ಕೆ ಸಮನಾದ ಒತ್ತಡವಾಯಿತು. ಅಷ್ಟೇ ವಿಸ್ತೀರ್ಣದ ಉಕ್ಕಿನ ತಗಡಿನ ತೂಕ ನಾಲ್ಕೈದು ಕಿಲೋಗ್ರಾಂ. ತಗಡನ್ನು ಹಿಡಿದಿಡುವುದು ಅದರ ಭಾರವಲ್ಲ, ಸ್ಕ್ರೂ. ಗಾಳಿಯ ಸೆಳೆತ ಮಾಡಿನ ಮೂಲೆ ಮತ್ತು ಅಂಚುಗಳಲ್ಲಿ ಇನ್ನೂ ಹೆಚ್ಚಿರುವುದರಿಂದ ಅಲ್ಲಿ ಸ್ಕ್ರೂಗಳನ್ನು ಒತ್ತಾಗಿ ಹಾಕಿಸಬೇಕು. ನಾಲ್ಕು ಕಡೆಯೂ ತೆರೆದಿರುವ ತಾರಸಿಯ ಮಾಡನ್ನು ಗಾಳಿ ಕೆಳಗಿನಿಂದಲೂ ಎತ್ತುತ್ತದೆ. ಅದರ ಕಂಬಗಳನ್ನು ಕಾಂಕ್ರೀಟಿನ ತೊಲೆಗೆ ಹೇಗೆ ಕೂರಿಸಿದ್ದಾರೆಂಬುದನ್ನು ಇಂಜಿನಿಯರರಿಗೆ ತೋರಿಸುವುದು ಕ್ಷೇಮ. ಹಾರಿದ ತಗಡು ಬೀಳುವುದು ನೆರೆಮನೆಯ ಅಂಗಳಕ್ಕೆ.

ಕೊಳ್ಳುವಾಗ ಮತ್ತು ಹೊದೆಸುವಾಗ

ಐ.ಎಸ್.ಐ. ಗುರುತಿನ ಮೇಲ್ಭಾಗದಲ್ಲಿ ಮಾನಕದ ಸಂಖ್ಯೆಯೂ ಜೊತೆಯಲ್ಲಿ ಪರವಾನಗಿಯ ಸಂಖ್ಯೆಯೂ ಇರುತ್ತವೆ. ಪರವಾನಗಿ ನಿಜವೇ ಎಂಬುದನ್ನು ಭಾರತೀಯ ಮಾನಕ ಬ್ಯೂರೋದ ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ದೂರದಲ್ಲಿದ್ದೇ ಪರಿಶೀಲಿಸಬಹುದು. ಊರಿನಲ್ಲಿರುವವರು ತಗಡಿನ ಒಳಮೈಯ ಮುದ್ರೆಯ ಚಿತ್ರ ತೆಗೆದು ಕಳುಹಿಸಿದರಾಯಿತು. ಖಾತರಿ ಪತ್ರವನ್ನು ಪೂರ್ತಿಯಾಗಿ ಓದಬೇಕು: ಸಮುದ್ರದಿಂದ ಇಂತಿಷ್ಟು ದೂರದೊಳಗಿನ ಮನೆಗಳಿಗೆ ಅನ್ವಯಿಸದು ಎಂಬ ಷರತ್ತು ಕೆಲವದರಲ್ಲಿ ಸಣ್ಣ ಅಕ್ಷರಗಳಲ್ಲಿರುತ್ತದೆ. ಇಪ್ಪತ್ತು ವರ್ಷದ ಖಾತರಿಯೆಂಬ ಜಾಹೀರಾತು ಕಡಲ ದಡದವರಿಗೆ ಹೇಳಿದ ಮಾತಾಗಿರದೇ ಇರಬಹುದು.

ಹೊದೆಸುವ ಕೆಲಸವನ್ನು ಏಪ್ರಿಲ್ ಮುಗಿಯುವುದರೊಳಗೆ ಪೂರೈಸಬೇಕು. ಒಂದರ ಮೇಲೊಂದು ಪೇರಿಸಿಟ್ಟ ತಗಡುಗಳ ನಡುವೆ ಮಳೆನೀರು ನಿಂತರೆ ಬಳಕೆಗೆ ಮುನ್ನವೇ ಬಿಳಿ ತುಕ್ಕು ಹಿಡಿಯುತ್ತದೆ. ತಗಡನ್ನು ಕತ್ತರಿಯಿಂದ ಕತ್ತರಿಸಬೇಕು. ತಿರುಗುವ ಕಲ್ಲಿನ ಚಕ್ರ ಅಂಚಿನ ಲೇಪನವನ್ನು ಸುಡುತ್ತದೆ, ಅದರ ಕಿಡಿಗಳು ಬಣ್ಣಕ್ಕೆ ಅಂಟಿ ಒಂದೆರಡು ವಾರಗಳಲ್ಲಿ ಕೆಂಪು ಚುಕ್ಕೆಗಳಾಗುತ್ತವೆ. ತೂತು ಕೊರೆದಾಗ ಬಿದ್ದ ಲೋಹದ ಚೂರುಗಳನ್ನು ಅದೇ ದಿನ ಸಂಜೆ ಗುಡಿಸಿ ತೆಗೆಯಬೇಕು.

ಆಮೇಲೆ ಉಳಿಯುವುದು ತೊಳೆಯುವ ಕೆಲಸ. ಮಳೆ ನಿಂತ ಮೇಲೆ ಮುಂದಿನ ಮಳೆಗಾಲದವರೆಗಿನ ಏಳೆಂಟು ತಿಂಗಳುಗಳಲ್ಲಿ ಉಪ್ಪು ಸೇರುತ್ತಲೇ ಇರುತ್ತದೆ. ಬಾವಿಯ ಸಿಹಿನೀರಿನಿಂದ ಸೂರಿನ ಕೆಳಭಾಗ, ಜಗಲಿಯ ಒಳಮೈ ಮತ್ತು ದಂಬೆಗಳನ್ನು ಕೊಳವೆ ಹಿಡಿದು ತೊಳೆಯಬೇಕು. ಬಾವಿಯ ನೀರೇ ಉಪ್ಪಾಗಿದ್ದರೆ ಅದನ್ನು ಬಳಸಬಾರದು. ನಗರದಿಂದ ಮೇ ತಿಂಗಳ ರಜೆಗೆ ಬಂದವರು ಉತ್ಸಾಹದಿಂದ ಮಾಡು ತೊಳೆಯುವುದುಂಟು. ಆ ವೇಳೆಗೆ ಉಪ್ಪು ತನ್ನ ಕೆಲಸವನ್ನು ಬಹುಪಾಲು ಮುಗಿಸಿರುತ್ತದೆ. ಡಿಸೆಂಬರಿನಲ್ಲೊಮ್ಮೆ, ಮಾರ್ಚಿನಲ್ಲೊಮ್ಮೆ ಈ ಕೆಲಸವಾಗುವಂತೆ ಊರಿನಲ್ಲಿ ಯಾರನ್ನಾದರೂ ಗೊತ್ತುಮಾಡಿ, ಅದರ ಕೂಲಿಯನ್ನು ಮಾಡಿನ ಅಂದಾಜು ವೆಚ್ಚದಲ್ಲಿಯೇ ಸೇರಿಸಿಡುವುದು ಒಳ್ಳೆಯದು.