ನಿದ್ದೆಗೊಂದು ಪೀರಿಯಡ್

"ನಿಮಗೇನು ಮೇಡಂ, ಪುಣ್ಯ ಮಾಡಿದ್ದೀರಿ. ನಮಗೆ ಮಾತ್ರೆ ನುಂಗಿದ್ರೂ ಕಣ್ಣು ಹತ್ತಲ್ಲ." ನನಗೆ ನಾರ್ಕೊಲೆಪ್ಸಿ ಇದೆ ಎಂದು ತಿಳಿದವರಲ್ಲಿ ಹೆಚ್ಚಿನವರು ಹೇಳುವ ಮಾತು ಇದು. ದಿನಕ್ಕೆ ನಾನು ಮಾಡುವ ಒಟ್ಟು ನಿದ್ದೆ ನಿಮ್ಮದಕ್ಕಿಂತ ಬಹಳ ಹೆಚ್ಚೇನಲ್ಲ ಎಂದರೆ ನಂಬುವುದಿಲ್ಲ. ಹಗಲು ತಡೆಯಲಾಗದಂತೆ ನಿದ್ದೆ ಬರುತ್ತದೆ, ರಾತ್ರಿ ಅದೇ ನಿದ್ದೆ ಮತ್ತೆ ಮತ್ತೆ ಒಡೆಯುತ್ತದೆ. ಕೊರತೆ ಇರುವುದು ನಿದ್ದೆಗೂ ಎಚ್ಚರಕ್ಕೂ ನಡುವಿನ ಗಡಿಯಲ್ಲಿ.

ನನ್ನ ತವರು ಅರಕಲಗೂಡು ತಾಲ್ಲೂಕಿನ ಕೊಣನೂರು ಕಡೆ. ಹೊಗೆಸೊಪ್ಪು ಬೆಳೆಯುವ ಮನೆ. ಸೊಪ್ಪು ಮುರಿದು ತಂದು, ಕಡ್ಡಿಗೆ ಕಟ್ಟಿ, ಒಣಗಿಸುವ ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಸೌದೆ ಹಾಕುತ್ತ ಕಾವು ನೋಡಿಕೊಳ್ಳಬೇಕು. ಕಾವು ಹೆಚ್ಚುಕಮ್ಮಿಯಾದರೆ ಸೊಪ್ಪಿನ ಬಣ್ಣ ಕೆಟ್ಟು ರೇಟು ಬಿದ್ದುಹೋಗುತ್ತದೆ. ಒಣಗಿದ ಸೊಪ್ಪು ಕಳಚಿ ಬಿಸಿ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನಿಗೇ ಬೆಂಕಿ. ಅಂಥ ಮನೆಯಲ್ಲಿ ಎಚ್ಚರವಾಗಿರುವುದೇ ಮನುಷ್ಯರ ಮೊದಲ ಗುಣ. ಕಡ್ಡಿಗೆ ಸೊಪ್ಪು ಕಟ್ಟುತ್ತ ಕಟ್ಟುತ್ತ, ದಾರ ಕೈಯಲ್ಲಿರುವಾಗಲೇ ನಿದ್ದೆಗೆ ಜಾರುವ ಹುಡುಗಿಗೆ ಅಲ್ಲಿ ಸೋಂಬೇರಿ ಎಂಬುದೊಂದೇ ಹೆಸರು. ನಾನು ಹೈಸ್ಕೂಲು ಮೆಟ್ಟಿಲು ಹತ್ತುವ ಹೊತ್ತಿಗೆ ಆ ಹೆಸರು ಗಟ್ಟಿಯಾಗಿ ಅಂಟಿಕೊಂಡಿತ್ತು. ಈ ಕಾಯಿಲೆ ಹೆಚ್ಚಾಗಿ ಶುರುವಾಗುವುದು ಅದೇ ವಯಸ್ಸಿನಲ್ಲಿ.

ಆಮೇಲೆ ನಗು ಬಂದಾಗ ಮಂಡಿ ಸೋಲತೊಡಗಿತು. ಗೆಳತಿ ಏನೋ ಹೇಳಿದಳು, ನಕ್ಕೆ, ಕಾಲು ಕುಸಿಯಿತು, ಕತ್ತು ವಾಲಿತು, ಮಾತು ತೊದಲಿತು. ಒಂದೆರಡು ನಿಮಿಷವಷ್ಟೇ. ಆದರೆ ಅಷ್ಟರೊಳಗೆ ಯಾರೋ ಮುಖಕ್ಕೆ ನೀರು ಚಿಮುಕಿಸಿ, ಅಂಗೈಗೆ ಬೀಗದ ಕೈಗೊಂಚಲು ತುರುಕಿ ಮುಷ್ಟಿ ಬಿಗಿಸಿರುತ್ತಿದ್ದರು. ನನಗೆ ಪ್ರಜ್ಞೆ ತಪ್ಪುತ್ತಿರಲಿಲ್ಲ. "ಇವಳಿಗೆ ಗಾಳಿ ಸೋಕೈತೆ ಕಣವ್ವ" ಎನ್ನುವುದೂ ಕೇಳುತ್ತಿತ್ತು, "ಇನ್ನು ಇವಳನ್ನ ಯಾರು ಮಾಡ್ಕತಾರೆ" ಎನ್ನುವುದೂ ಕೇಳುತ್ತಿತ್ತು. ಬಾಯಿ ಬಿಟ್ಟು ಉತ್ತರ ಕೊಡಲು ಆಗುತ್ತಿರಲಿಲ್ಲ. ರಾತ್ರಿ ಎಚ್ಚರವಾದರೆ ಕೈಕಾಲು ಅಲ್ಲಾಡುತ್ತಿರಲಿಲ್ಲ, ಕೋಣೆಯಲ್ಲಿ ಯಾರೋ ನಿಂತಂತೆ ಕಾಣುತ್ತಿತ್ತು. ಅವ್ವ ಹೆದರಿ ತಾಯತ ಕಟ್ಟಿಸಿದಳು. ಅವಳಿಗೆ ಗೊತ್ತಿದ್ದ ಮದ್ದು ಅದೇ, ಪ್ರೀತಿಯಿಂದಲೇ ಕಟ್ಟಿಸಿದಳು. ಆಮೇಲೆ ಒಬ್ಬ ವೈದ್ಯರು ಫಿಟ್ಸ್ ಎಂದರು. ಫಿಟ್ಸಿನ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದೆ. ಅವು ನನ್ನನ್ನು ಇನ್ನಷ್ಟು ಮಂಕು ಮಾಡಿದವು. ಲಕ್ಷಣ ಶುರುವಾದಂದಿನಿಂದ ಈ ಕಾಯಿಲೆಯ ಹೆಸರು ಗೊತ್ತಾಗುವುದಕ್ಕೆ ಎಷ್ಟೋ ದೇಶಗಳಲ್ಲಿ ಇವತ್ತಿಗೂ ಹಲವು ವರ್ಷ ಹಿಡಿಯುತ್ತದೆ ಎಂದು ಆಮೇಲೆ ಓದಿ ತಿಳಿದೆ.

ಹೊಳೆನರಸೀಪುರದಲ್ಲಿ ಕಾಲೇಜು, ಬಿ.ಎಡ್., ಕೆಲಸ, ಮದುವೆ ಎಲ್ಲ ಹೀಗೇ ತೂಕಡಿಕೆಯ ನಡುವೆ ನಡೆದವು. ಹಾಸನಕ್ಕೆ ರೈಲಿನಲ್ಲಿ ಹೊರಟವಳು ಅರಸೀಕೆರೆಯಲ್ಲಿ ಕಣ್ಣುಬಿಟ್ಟದ್ದೂ ಇದೆ.

ಕೊನೆಗೆ ಹಾಸನದಲ್ಲಿ ನರರೋಗ ತಜ್ಞರೊಬ್ಬರು ಎಲ್ಲ ಕೇಳಿಸಿಕೊಂಡು, "ಬೀಳೋದು ಯಾವಾಗಮ್ಮ? ನಗುವಾಗಲಾ?" ಎಂದರು. ಅಲ್ಲಿಯವರೆಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಅವರೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸಿದರು. ಅಲ್ಲಿ ರಾತ್ರಿಯಿಡೀ ತಲೆಗೆ, ಕಣ್ಣಂಚಿಗೆ, ಗದ್ದಕ್ಕೆ ತಂತಿ ಅಂಟಿಸಿ ನಿದ್ದೆ ದಾಖಲಿಸುತ್ತಾರೆ. ಮರುದಿನ ಎರಡೆರಡು ಗಂಟೆಗೊಮ್ಮೆ, ನಾಲ್ಕೈದು ಸಲ, ಮಲಗಿ ಎನ್ನುತ್ತಾರೆ. ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತಿ, ಕನಿಷ್ಠ ಎರಡು ಸಲ ಹದಿನೈದು ನಿಮಿಷದೊಳಗೆ ಕನಸಿನ ನಿದ್ದೆ ಬಂದರೆ ನಾರ್ಕೊಲೆಪ್ಸಿಯ ಗುರುತು. ಬೇರೆಯವರಿಗೆ ಕನಸಿನ ಹಂತ ತಲುಪಲು ಒಂದು, ಒಂದೂವರೆ ಗಂಟೆ ಬೇಕು. ನಾನು ನೇರ ಅಲ್ಲಿಗೇ ಇಳಿಯುತ್ತಿದ್ದೆ. ಆ ವರದಿ ಕೈಗೆ ಬಂದಾಗ ನನಗಾದದ್ದು ದುಃಖವಲ್ಲ, ಬಿಡುಗಡೆ.

ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ ಒರೆಕ್ಸಿನ್ ಎಂಬ ರಾಸಾಯನಿಕ ತಯಾರಿಸುವ ನರಕೋಶಗಳಿವೆ. ಎಚ್ಚರವನ್ನು ಎಚ್ಚರವಾಗಿಯೇ ಹಿಡಿದಿಡುವುದು ಅವುಗಳ ಕೆಲಸ. ಈ ರಾಸಾಯನಿಕವನ್ನು 1998ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಪತ್ತೆಮಾಡಿದವು. ನನ್ನಂಥವರ ಮಿದುಳಿನಲ್ಲಿ ಆ ಕೋಶಗಳೇ ಬಹುಪಾಲು ನಾಶವಾಗಿವೆ ಎಂಬುದು 2000ದಲ್ಲಿ ಖಚಿತವಾಯಿತು. ದೇಹದ ರಕ್ಷಣಾ ವ್ಯವಸ್ಥೆಯೇ ಅವನ್ನು ಕೊಂದಿರಬೇಕು ಎಂಬುದಕ್ಕೆ ಬಲವಾದ ಸುಳಿವುಗಳಿವೆ: 2009ರ ಎಚ್1ಎನ್1 ಜ್ವರದ ಬೆನ್ನಿಗೇ ಚೀನಾದಲ್ಲಿ ಹೊಸ ರೋಗಿಗಳ ಸಂಖ್ಯೆ ಏರಿತ್ತು. ಊರಿನಲ್ಲಿ ಕೇಳಿದವರಿಗೆ ನಾನು ಕೆರೆಯ ತೂಬಿನ ಲೆಕ್ಕದಲ್ಲಿ ಹೇಳುತ್ತೇನೆ. ಕೆರೆಯಲ್ಲಿ ನೀರು ಎಲ್ಲರಷ್ಟೇ ಇದೆ, ತೂಬು ಮಾತ್ರ ಭದ್ರವಾಗಿ ಮುಚ್ಚುವುದಿಲ್ಲ. ಬೇಡದಾಗ ಹರಿಯುತ್ತದೆ, ಬೇಕಾದಾಗ ಸಾಲುವುದಿಲ್ಲ. ಕನಸು ಕಾಣುವಾಗ ನಾವು ಎದ್ದು ಓಡದಿರಲೆಂದು ಮಿದುಳು ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಆ ಸಡಿಲಿಕೆ ಹಗಲಲ್ಲಿ ನಗುವಿನ ಜೊತೆ ನುಗ್ಗಿದರೆ ಮಂಡಿ ಕುಸಿಯುವುದು, ಎಚ್ಚರವಾದ ಮೇಲೂ ಉಳಿದರೆ ಮೈ ಕದಲದಿರುವುದು, ಕನಸೇ ಉಳಿದರೆ ಕೋಣೆಯಲ್ಲಿ ಆಕೃತಿ. ಅವ್ವನಿಗೆ ಇದನ್ನು ವಿವರಿಸಿದಾಗ ಅವಳು ಕೇಳಿದ್ದು ಒಂದೇ: "ಹಂಗಾರೆ ಗಾಳಿ ಅಲ್ವಲ್ಲ?" ಅಲ್ಲವ್ವ ಎಂದೆ. ಅವಳ ಮುಖದ ಗೆಲುವು ನೋಡಬೇಕಿತ್ತು.

ಪೂರ್ತಿ ಗುಣವಾಗುವ ಕಾಯಿಲೆಯಲ್ಲ. ಎಚ್ಚರಕ್ಕೆ ಬೆಳಿಗ್ಗೆ ಮೊಡಾಫಿನಿಲ್, ಕುಸಿತಕ್ಕೆ ವೆನ್ಲಾಫ್ಯಾಕ್ಸಿನ್. ಈ ಎರಡನೆಯದನ್ನು ಒಮ್ಮೆಲೇ ಬಿಡಬಾರದು. ಬಿಟ್ಟರೆ ಕುಸಿತಗಳು ಒಂದರ ಹಿಂದೊಂದು ಮುಗಿಬೀಳುತ್ತವೆ. ಹಾಗಾಗಿ ಚೀಟಿಯ ಗಡುವು ಮುಗಿಯುವ ಮೊದಲೇ ಮಾತ್ರೆ ತಂದಿಡುತ್ತೇನೆ. ಹೆಣ್ಣುಮಕ್ಕಳಿಗೆ ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಸಂಗತಿ: ಮೊಡಾಫಿನಿಲ್ ತೆಗೆದುಕೊಳ್ಳುವಾಗ ಗರ್ಭನಿರೋಧಕ ಮಾತ್ರೆಗಳ ಬಲ ಕುಗ್ಗುತ್ತದೆ, ಬಸುರಿಯರಿಗೂ ಅದು ಒಗ್ಗುವುದಿಲ್ಲ. ಮದುವೆಯಾದವರು ನಾಚದೆ ವೈದ್ಯರ ಹತ್ತಿರ ಇದನ್ನು ಮಾತಾಡಿಕೊಳ್ಳಬೇಕು.

ಆದರೆ ನನ್ನ ದಿನಗಳನ್ನು ನಿಜವಾಗಿ ಬದಲಿಸಿದ್ದು ಟೈಮ್‌ಟೇಬಲ್. ಚನ್ನರಾಯಪಟ್ಟಣದ ಶಾಲೆಗೆ ವರ್ಗವಾಗಿ ಬಂದಾಗ ಹೆಡ್‌ಮಾಸ್ಟರ ಮುಂದೆ ನಿಮ್ಹಾನ್ಸ್ ಕಾಗದ ಇಟ್ಟು, "ಸರ್, ನನಗೆ ನಿದ್ದೆಗೆ ಒಂದು ಪೀರಿಯಡ್ ಬೇಕು" ಎಂದೆ. ಅವರು ಕಾಗದ ಓದಿ, ಊಟದ ಬಿಡುವಿನ ನಂತರದ ಪೀರಿಯಡ್ ಖಾಲಿ ಬಿಟ್ಟು, ಅದರ ಬದಲಿಗೆ ಬೆಳಗಿನ ಮೊದಲ ತರಗತಿಗಳನ್ನೆಲ್ಲ ನನಗೆ ಕೊಟ್ಟರು. ಹದಿನೈದಿಪ್ಪತ್ತು ನಿಮಿಷ ಮಲಗಿ ಎದ್ದರೆ ಒಂದೆರಡು ಗಂಟೆ ತಲೆ ತಿಳಿಯಾಗಿರುತ್ತದೆ. ಹಿಂದೆಲ್ಲ ನಿದ್ದೆಯನ್ನು ತಡೆಯಲು ಉಗುರಿನಿಂದ ಚಿವುಟಿಕೊಂಡು ನಿಲ್ಲುವುದಕ್ಕೆ ಹೋಗುತ್ತಿದ್ದ ಶಕ್ತಿಯೆಲ್ಲ ಈಗ ಪಾಠಕ್ಕೆ ಸಿಗುತ್ತದೆ. ಮಧ್ಯಾಹ್ನ ಇಡೀ ಮುದ್ದೆ ಉಂಡರೆ ಜೋಂಪು ಹೆಚ್ಚು, ಅದಕ್ಕೇ ಅರ್ಧ ಮುದ್ದೆ, ಉಪ್ಸಾರಿನ ಕಾಳುಸೊಪ್ಪು ಜಾಸ್ತಿ. ಗಾಡಿ ಓಡಿಸುವುದಿಲ್ಲ. ಲೈಸೆನ್ಸ್ ಅರ್ಜಿಯಲ್ಲೇ ದಿಢೀರ್ ಪ್ರಜ್ಞೆ ತಪ್ಪುವ ಕಾಯಿಲೆ ಇದೆಯೇ ಎಂಬ ಪ್ರಶ್ನೆ ಇದೆ. ಔಷಧಿಯಲ್ಲಿ ಹತೋಟಿಗೆ ಬಂದವರಲ್ಲಿ ಕೆಲವರು ವೈದ್ಯರನ್ನು ಕೇಳಿಕೊಂಡು ಓಡಿಸುತ್ತಾರೆ. ಬೆಂಗಳೂರು–ಮಂಗಳೂರು ಹೆದ್ದಾರಿ ಕಣ್ಣೆದುರಿಗೇ ಇರುವಾಗ ನನಗೆ ಮನಸ್ಸಾಗಲಿಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿಗೆ ದುಡ್ಡೂ ಇಲ್ಲ. ಕಂಡಕ್ಟರಿಗೆ ಇಳಿಯುವ ಊರು ಹೇಳಿ ಕೂರುತ್ತೇನೆ, ಅವರು ಎಬ್ಬಿಸುತ್ತಾರೆ.

ನಗುವಿನ ವಿಷಯ ಬೇರೆಯೇ. ಕುಸಿಯುವ ಭಯಕ್ಕೆ ನಾನು ನಗುವುದನ್ನೇ ಬಿಟ್ಟಿದ್ದೆ. ಮದುವೆಮನೆಯಲ್ಲಿ ಬಿಗಿದ ಮುಖ ನೋಡಿ ಜಂಬಗಾತಿ ಎಂದವರಿದ್ದಾರೆ. ಈ ಕಾಯಿಲೆ ಕಸಿದುಕೊಂಡದ್ದರಲ್ಲಿ ನನಗೆ ಅತಿ ನೋವು ಕೊಟ್ಟದ್ದು ಇದೇ. ಈಗ ಪ್ರತಿ ಜೂನ್‌ನಲ್ಲಿ ಹೊಸ ತರಗತಿಗೆ ಹೋದಾಗ ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ: ನಾನು ನಕ್ಕಾಗ ಕಾಲು ಸೋಲಬಹುದು, ಹೆದರಬೇಡಿ, ನೀರು ಹಾಕಬೇಡಿ, ಕುರ್ಚಿ ಕೊಡಿ, ಒಂದು ನಿಮಿಷ ಕಾಯಿರಿ. ಮಕ್ಕಳಿಗೆ ಇದು ದೊಡ್ಡವರಿಗಿಂತ ಬೇಗ ಅರ್ಥವಾಗುತ್ತದೆ. ಯಾರಾದರೂ ತಮಾಷೆ ಮಾಡುವ ಮುಂಚೆ ಮುಂದಿನ ಬೆಂಚಿನವರು ಕುರ್ಚಿ ಎಳೆದು ಇಡುತ್ತಾರೆ. ನಾನು ಕೂತುಕೊಂಡು ಮನಸಾರೆ ನಗುತ್ತೇನೆ.

ಎಲ್ಲರಿಗೂ ಇಂಥ ಹೆಡ್‌ಮಾಸ್ಟರು ಸಿಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ನಾರ್ಕೊಲೆಪ್ಸಿಯ ಹೆಸರಿಲ್ಲ. ಹೆಸರಿಲ್ಲವಾದ್ದರಿಂದ ನನಗೆ ಸಿಕ್ಕ ಆ ಪೀರಿಯಡ್ ಒಬ್ಬರ ಒಳ್ಳೆಯತನದಿಂದ ಸಿಕ್ಕದ್ದೇ ಹೊರತು ಹಕ್ಕಿನಿಂದಲ್ಲ. ಇದು ಬದಲಾಗಬೇಕು. ಸುಮಾರು ಎರಡು ಸಾವಿರ ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ ಎಂಬ ಅಂದಾಜಿದೆ. ಆ ಲೆಕ್ಕದಲ್ಲಿ ನಮ್ಮ ಜಿಲ್ಲೆಯ ತರಗತಿಗಳಲ್ಲಿ ಬೈಸಿಕೊಳ್ಳುತ್ತ ಕೂತಿರುವ ಮಕ್ಕಳು ಇದ್ದೇ ಇರುತ್ತಾರೆ.

ತರಗತಿಯಲ್ಲಿ ತೂಕಡಿಸುವ ಮಕ್ಕಳೆಲ್ಲರಿಗೂ ಇದೇ ಕಾಯಿಲೆಯಲ್ಲ. ರಾತ್ರಿ ಮೊಬೈಲು, ರಕ್ತಹೀನತೆ, ಮನೆಗೆಲಸ, ಗೊರಕೆಯ ತೊಂದರೆ ಎಲ್ಲ ಇರುತ್ತದೆ. ಅದಕ್ಕೆ ನಾನು ತಾಯಂದಿರನ್ನು ಕರೆಸಿ ಮೂರು ವಿಷಯ ವಿಚಾರಿಸುತ್ತೇನೆ: ರಾತ್ರಿ ಸಾಕಷ್ಟು ಮಲಗಿದರೂ ಹೀಗೇನಾ, ನಗುವಾಗ ಕೈಕಾಲು ಸೋಲುತ್ತದಾ, ಎಚ್ಚರವಾದಾಗ ಮೈ ಕದಲುವುದಿಲ್ಲವಾ. ಹೌದು ಎಂದರೆ ಎರಡು ವಾರ ಮಲಗಿದ, ಎದ್ದ ಹೊತ್ತು ಬರೆದಿಡಲು ಹೇಳುತ್ತೇನೆ. ಕುಸಿತವನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ವೈದ್ಯರಿಗೆ ಮೊದಲು ಅದನ್ನೇ ತೋರಿಸಿ ಎನ್ನುತ್ತೇನೆ. ಬಾಯಲ್ಲಿ ಹೇಳಿದರೆ ಫಿಟ್ಸ್ ಎಂದುಕೊಳ್ಳುವ ಸಂಭವ ಹೆಚ್ಚು. ಹಾಸನದಲ್ಲಿ ನರರೋಗ ತಜ್ಞರನ್ನು ಕಂಡು ಅವರ ಪತ್ರ ತೆಗೆದುಕೊಂಡರೆ, ನಿಮ್ಹಾನ್ಸ್‌ಗೆ ಹೋಗಲು ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ನೇರ ರೈಲಿದೆ. ರಾತ್ರಿಯ ಪರೀಕ್ಷೆಗೆ ಜೊತೆಯಲ್ಲಿ ಒಬ್ಬರು ಇರಬೇಕು, ಮರುದಿನ ಸಂಜೆಯವರೆಗೆ ಅಲ್ಲೇ ಉಳಿಯುವ ತಯಾರಿ ಮಾಡಿಕೊಂಡು ಹೋಗಿ ಎಂದು ಹೇಳಿ ಕಳಿಸುತ್ತೇನೆ.