ಬುಡದಲ್ಲಿ ಒಂದು ಗೇಣು ಬಿಡು

ತಮ್ಮಾ, ಮಾವಿನ ಸಾಲುಗಳ ನಡುವೆ ಗಿನಿ ಹುಲ್ಲು, ಸ್ಟೈಲೋ ಎಂಬ ದ್ವಿದಳ ಮೇವು ಎರಡನ್ನೂ ಕೂಡಿಸಿ ಬಿತ್ತಿದ್ದೀಯ. ನೋಡಿ ಸಂತೋಷವಾಯಿತು. ದನವನ್ನು ಯಾವಾಗ ಒಳಗೆ ಬಿಡಲಿ ಎಂದು ಕೇಳಿದೆ. ಯಾವಾಗ ಹೊರಗೆ ಹೊಡೆಯಬೇಕು ಎಂಬುದನ್ನೂ ಕೇಳು. ಹುಲ್ಲುಗಾವಲು ಉಳಿಯುವುದು, ಕೆಡುವುದು ಅದರ ಮೇಲೆಯೇ.

ಗಿನಿ ಮೊಣಕಾಲು ದಾಟಿ ತೊಡೆಯ ಮಟ್ಟಕ್ಕೆ ಬಂದಾಗ ದನ ಬಿಡು. ಬುಡದಲ್ಲಿ ಒಂದು ಗೇಣು ಉಳಿದಿರುವಾಗಲೇ ಹೊರಗೆ ಹೊಡಿ. ಹಸಿರು ಇನ್ನೂ ಇದೆಯಲ್ಲ, ಇನ್ನೊಂದು ದಿನ ಮೇಯಲಿ ಎನಿಸುತ್ತದೆ. ತೆಂಡೆ ಸಾಯುವುದು ಆ ಇನ್ನೊಂದು ದಿನದಲ್ಲೇ. ಉಳಿದ ಎಲೆ ಮತ್ತು ಬುಡದ ಕಾಂಡದಲ್ಲಿ ಕೂಡಿಟ್ಟ ಆಹಾರ, ಇವೆರಡರ ಬಲದಿಂದಲೇ ಹುಲ್ಲು ಮತ್ತೆ ಚಿಗುರಬೇಕು. ಅಮೆರಿಕದ ವಿಜ್ಞಾನಿ ಫ್ರಾಂಕ್ಲಿನ್ ಕ್ರೈಡರ್ 1955ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅರ್ಧದಷ್ಟು ಎಲೆ ತೆಗೆದಾಗ ಬೇರಿಗೆ ಅಷ್ಟೇನೂ ತೊಂದರೆಯಾಗಲಿಲ್ಲ. ಶೇಕಡಾ 80ರಷ್ಟು ತೆಗೆದಾಗ ಬೇರು 12 ದಿನ ಬೆಳೆಯುವುದನ್ನೇ ನಿಲ್ಲಿಸಿತು. ಶ್ರಾವಣದಲ್ಲಿ ಮಳೆ ಕೈಕೊಟ್ಟರೆ, ಆಳಕ್ಕೆ ಬೇರು ಬಿಡದ ಹುಲ್ಲಿನ ಗತಿಯೇನು, ನೀನೇ ಯೋಚಿಸು. ಇನ್ನೊಂದು ಮಾತು: ಜಂತುಹುಳುವಿನ ಮರಿಗಳು ಹೆಚ್ಚಾಗಿ ಹುಲ್ಲಿನ ಬುಡದ ಎರಡು–ಮೂರು ಇಂಚಿನಲ್ಲೇ ಇರುತ್ತವೆ. ಬುಡ ಕೆರೆದು ಮೇಯುವ ಕರು ಅವನ್ನೂ ನುಂಗುತ್ತದೆ.

ಸ್ಟೈಲೋದ ನಡೆಯೇ ಬೇರೆ. ಮುಂಗಾರಿನಲ್ಲಿ ದನಗಳು ಎಳೆ ಹುಲ್ಲನ್ನೇ ಆರಿಸಿ ಮೇಯುತ್ತವೆ, ಸ್ಟೈಲೋವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಹುಲ್ಲು ಬಲಿತು ಒರಟಾದ ಮೇಲೆ, ಮಳೆಗಾಲದ ಕೊನೆಗೆ ಅದಕ್ಕೆ ಬಾಯಿ ಹಾಕುತ್ತವೆ. ಹಾಗಾಗಿ ಮುಂಗಾರಿನಲ್ಲಿ ಅತಿಯಾಗಿ ಮೇಯಿಸಿದರೆ ಹುಲ್ಲು ಸತ್ತು ಸ್ಟೈಲೋ ಒಂದೇ ಉಳಿಯುತ್ತದೆ. ಮೇಯಿಸದೆ ಬಿಟ್ಟರೆ ಗಿನಿ ಮೇಲೆ ಮುಚ್ಚಿಕೊಂಡು ಸ್ಟೈಲೋ ನೆರಳಿನಲ್ಲಿ ಸೊರಗುತ್ತದೆ; ಅದರ ಬೇರುಗಂಟುಗಳು ಕೊಡುವ ಸಾರಜನಕವೂ ಹೋಗುತ್ತದೆ.

ಎರಡರಲ್ಲಿ ಯಾವುದು ಸೊರಗುತ್ತಿದೆ ಎಂಬುದು ಬದುವಿನ ಮೇಲೆ ನಿಂತು ನೋಡಿದರೆ ತಿಳಿಯದು. ಒಳಗೆ ಹೋಗಿ ಬಗ್ಗಿ, ಎರಡೂ ಕೈಯಿಂದ ಹುಲ್ಲು ಸರಿಸಿ ನೋಡು. ಸ್ಟೈಲೋದ ಕೆಳಗಿನ ಎಲೆ ಹಳದಿಯಾಗಿ ಉದುರುತ್ತಿದ್ದು, ಕಡ್ಡಿ ಸಣಕಲಾಗಿ ಮೇಲಕ್ಕೆ ಎಳೆದುಕೊಂಡಿದ್ದರೆ ಹುಲ್ಲಿನ ಎತ್ತರ ಹೆಚ್ಚಾಯಿತು ಎಂದರ್ಥ. ಗಿನಿಯ ಬುಡಗಳ ನಡುವೆ ಬರಿ ಮಣ್ಣು ಕಂಡು, ಸ್ಟೈಲೋದ ಗಟ್ಟಿ ಕಡ್ಡಿಗೂ ಹಲ್ಲು ಬಿದ್ದಿದ್ದರೆ ದನ ಒಂದೆರಡು ದಿನ ಹೆಚ್ಚೇ ಉಳಿದವು.

ಈ ಲೆಕ್ಕವೆಲ್ಲ ಎರಡನೆಯ ವರ್ಷದಿಂದ; ಮೊದಲ ವರ್ಷ ದನ ಬಿಡಲೇಬೇಡ. ಗೇಣೆತ್ತರ ಬಿಟ್ಟು ಕೊಯ್ದು ಕೊಟ್ಟಿಗೆಗೆ ಹಾಕು. ಮುಂದೆ ಎಂದಾದರೂ ಕುದುರೆ ಮೆಂತೆ (ಲೂಸರ್ನ್) ಬೆಳೆದರೆ ಇಬ್ಬನಿ ಆರದೆ ಹಸಿದ ಹಸುವನ್ನು ಅದಕ್ಕೆ ಬಿಡಬೇಡ. ಹೊಟ್ಟೆಯುಬ್ಬರ ಬಂದರೆ ಗಂಟೆಗಳಲ್ಲೇ ಜೀವ ಹೋಗುತ್ತದೆ. ಮೊದಲು ಒಣಮೇವು ತಿನ್ನಿಸು.

ಬಿಡುವಾದಾಗ ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರಕ್ಕೊಮ್ಮೆ ಹೋಗಿ ಬಾ. ಕೊನೆಯ ಮಾತು: ಮಳೆ ಮುಗಿದು ಸ್ಟೈಲೋ ಹೂ ಬಿಡುವಾಗ ತೋಪಿನ ಒಂದು ಭಾಗಕ್ಕಾದರೂ ಬೇಲಿ ಹಾಕಿ ದನ ತಡೆ. ಬೀಜ ಕಟ್ಟಿ ನೆಲಕ್ಕೆ ಉದುರಲಿ.